ವಿಮಾನ ನಿಲ್ದಾಣದ ನೆರೆಯಲ್ಲಿ ಡ್ರೋನ್ ಹಾರಾಟ



ನವಿ ಮುಂಬಯಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ರಂದು ಪ್ರಯಾಣಿಕ ವಿಮಾನಗಳ ಸಂಚಾರ ಆರಂಭವಾಯಿತು. ಕಾಮೋಠೆಯಲ್ಲಿ ಮದುವೆ, ಗಣೇಶೋತ್ಸವಗಳ ಚಿತ್ರೀಕರಣಕ್ಕೆ ತಾರಸಿಯಿಂದ ಡ್ರೋನ್ ಹಾರಿಸುವವರು ಇದನ್ನು ಅವಶ್ಯವಾಗಿ ಗಮನಿಸಬೇಕಾಗಿದೆ.

2021ರ ಡ್ರೋನ್ ನಿಯಮಗಳ ಮೇರೆಗೆ, ಕಾರ್ಯನಿರತ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರುಗಳೊಳಗಿನ ಪ್ರದೇಶದಲ್ಲಿ ನೆಲಮಟ್ಟದಿಂದಲೇ ಡ್ರೋನ್ ಹಾರಾಟಕ್ಕೆ ನಿರ್ಬಂಧವಿದೆ. ಕಾಮೋಠೆಯು ಈ ಪರಿಧಿಯೊಳಗಿದೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ ಲಭ್ಯವಿರುವ ಸ್ವಾತಂತ್ರ್ಯ ಇಲ್ಲಿ ಹತ್ತು ಅಡಿಗೂ ಇಲ್ಲ. ಸಂಬಂಧಪಟ್ಟ ಅಧಿಕಾರಿಗಳ ಪೂರ್ವಾನುಮತಿ ಬೇಕು. ತಾರಸಿ ಸ್ವಂತದ್ದೆಂಬ ವಾದಕ್ಕೆ ಅವಕಾಶವಿಲ್ಲ.

250 ಗ್ರಾಂ ಮೀರದ ನ್ಯಾನೋ ಡ್ರೋನಿಗೆ ಯಾವ ನಿರ್ಬಂಧವೂ ಇಲ್ಲವೆಂದು ಹಲವರು ಭಾವಿಸುವುದುಂಟು. ಅದನ್ನು ಹಾರಿಸುವವರಿಗೆ ಚಾಲಕ ಪ್ರಮಾಣಪತ್ರದಿಂದ ವಿನಾಯಿತಿ ಇರುವುದು ನಿಜ. ವಲಯದ ನಿಯಮದಿಂದ ಇಲ್ಲ. 2025ರ ಜನವರಿ 9ರಂದು ಲಾಸ್ ಏಂಜಲೀಸ್ ಪ್ರದೇಶದಲ್ಲಿ ಕಾಡ್ಗಿಚ್ಚು ನಂದಿಸುತ್ತಿದ್ದ ವಿಮಾನಕ್ಕೆ ಇಂತಹುದೇ ಪುಟ್ಟ ಡ್ರೋನ್ ಬಡಿದು ರೆಕ್ಕೆಯಲ್ಲಿ ರಂಧ್ರವಾಯಿತು. ಬೆಂಕಿ ಉರಿಯುತ್ತಿದ್ದಾಗಲೇ ಆ ವಿಮಾನ ದುರಸ್ತಿಗಾಗಿ ನಿಲ್ಲಬೇಕಾಯಿತು. ಡ್ರೋನ್ ಹಾರಿಸಿದಾತನ ಕಣ್ಣಿಗೆ ಅದು ಕಾಣದಷ್ಟು ದೂರ ಸಾಗಿತ್ತು. ಇಳಿಯಲು ಬರುವ ಪ್ರಯಾಣಿಕ ವಿಮಾನವೂ ಕೆಳಮಟ್ಟದಲ್ಲೇ ಹಾರುತ್ತಿರುತ್ತದೆ; ಸರಿದು ತಪ್ಪಿಸಿಕೊಳ್ಳಲು ಅದರ ಚಾಲಕನಿಗೆ ಎಡೆ ಬಹಳ ಕಡಿಮೆ.

ಆದುದರಿಂದ ಛಾಯಾಗ್ರಾಹಕರು ಮುಂಗಡ ಹಣ ಪಡೆಯುವ ಮೊದಲೇ ಡಿಜಿಟಲ್ ಸ್ಕೈ ನಕ್ಷೆಯನ್ನು ನೋಡಿಕೊಳ್ಳತಕ್ಕದ್ದು. ಮದುವೆ ಮನೆಯವರೂ ಅನುಮತಿ ಪತ್ರವನ್ನು ಕೇಳಿ ನೋಡಬಹುದು, ಅದರಲ್ಲಿ ಸಂಕೋಚವೇನಿಲ್ಲ. ಅನುಮತಿ ದೊರೆಯದಿದ್ದಲ್ಲಿ, ಮೆರವಣಿಗೆಯನ್ನು ತಾರಸಿಯ ಮೇಲೆ ನಿಂತು ಕ್ಯಾಮೆರಾದಿಂದಲೇ ಸೆರೆಹಿಡಿಯಬಹುದು.