ರವೆ ಮತ್ತು ತೊಲೆ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಪರರನ್ನು ವಿಮರ್ಶಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಕ್ರೈಸ್ತ ದೃಷ್ಟಿಯ ಉತ್ತರವನ್ನು ಮಂಡಿಸಬೇಕೆಂದು ಸಂಘದ ಗೆಳೆಯರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಪಾದ್ರಿಯಲ್ಲ, ದೇವಶಾಸ್ತ್ರದ ಪಂಡಿತನೂ ಅಲ್ಲ. ಮೂವತ್ತು ವರ್ಷ ಮುಂಬಯಿಯಲ್ಲಿ ಲೆಕ್ಕ ತಪಾಸಣೆ ಮಾಡಿದವನು. ಅನ್ಯರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡಾಗಿತ್ತು. ಈ ವಿಷಯ ನನಗೆ ಒಪ್ಪುತ್ತದೆಂದು ಅವರು ಭಾವಿಸಿದ್ದು ಅದಕ್ಕೇ ಇರಬೇಕು!

ಮತ್ತಾಯನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಒಂದು ಚಿತ್ರವನ್ನು ಕೊಡುತ್ತಾನೆ. ಸೋದರನ ಕಣ್ಣಿನ ರವೆಯನ್ನು ತೆಗೆಯಹೊರಟವನ ಕಣ್ಣಿನಲ್ಲಿಯೇ ಒಂದು ತೊಲೆ ಇದೆ. ಮೂಲ ಗ್ರೀಕಿನಲ್ಲಿ ಮೊದಲನೆಯದಕ್ಕೆ ಒಣಕಡ್ಡಿ, ಸಿಬಿರು ಎಂಬ ಅರ್ಥ. ಎರಡನೆಯದು ಮನೆಯ ಮಾಡನ್ನು ಹೊರುವ ಮರ. ಇದು ಬಡಗಿಯೊಬ್ಬನ ಮಾತೆಂಬುದನ್ನು ಮರೆಯಬಾರದು. ಮರಗೆಲಸದ ನಡುವೆ ಬೆಳೆದವನು ಕಣ್ಣಿಗೆ ಸಿಬಿರು ಹಾರುವುದನ್ನು ಎಷ್ಟೋ ಸಲ ಕಂಡಿದ್ದಾನು. ಕೇಳಿದವರು ನಕ್ಕಿರಲೂಬೇಕು. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು: ರವೆಯೂ ತೊಲೆಯೂ ಮರದವೇ. ನನ್ನಲ್ಲಿ ಇಡಿಯಾಗಿರುವುದೇ ಅವನಲ್ಲಿ ಚೂರಾಗಿದೆ. ಅದು ನನಗೆ ಅಷ್ಟು ಬೇಗ ಗೋಚರಿಸುವುದೂ ಆ ಪರಿಚಯದಿಂದಲೇ.

ನಿಮಗೆ ಈಗಾಗಲೇ ಬಸವಣ್ಣನವರ ವಚನವೊಂದು ನೆನಪಾಗಿರಬೇಕು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲಿದ್ದಾರೆ. ನಾನು ನನ್ನ ದಾರಿಯಲ್ಲೇ ಹೋಗುತ್ತೇನೆ.

ಹಳೆಯ ಒಡಂಬಡಿಕೆಯ ದಾವೀದನ ಪ್ರಸಂಗ ಇನ್ನೂ ಕಠಿಣವಾದದ್ದು. ಊರೀಯನ ಹೆಂಡತಿಯನ್ನು ಅಪಹರಿಸಿ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಅರಸನ ಬಳಿಗೆ ಪ್ರವಾದಿ ನಾತಾನನು ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದ ಸಿರಿವಂತನ ಕತೆ ಹೇಳುತ್ತಾನೆ. ಮೋಶೆಯ ಧರ್ಮಶಾಸ್ತ್ರದಂತೆ ಕುರಿಗಳ್ಳನು ನಾಲ್ಕರಷ್ಟು ತೆತ್ತರೆ ಸಾಕು. ದಾವೀದನಾದರೋ ಅವನು ಸಾಯತಕ್ಕವನೆಂದು ಗುಡುಗಿದ. ಶಾಸ್ತ್ರಕ್ಕಿಂತ ಕಟುವಾದ ಆ ಸಿಟ್ಟು ಎಲ್ಲಿಂದ ಬಂತು? ಆ ಮನುಷ್ಯನು ನೀನೇ ಎಂದು ನಾತಾನನು ಹೇಳುವವರೆಗೆ ದಾವೀದನಿಗೇ ತಿಳಿದಿರಲಿಲ್ಲ.

ಹಾಗಾದರೆ ಯಾರೂ ಯಾರನ್ನೂ ವಿಮರ್ಶಿಸಬಾರದೇ? ಅನ್ಯಾಯ ಕಂಡು ಮೌನವಾಗಿರುವವರಿಗೆ ಅದು ಅನುಕೂಲವಾದ ಅರ್ಥ. ಯೇಸು ತೊಲೆಯ ಬಳಿಯೇ ಮಾತು ನಿಲ್ಲಿಸುವುದಿಲ್ಲ. ಅದು ಹೋದ ಮೇಲೆ ಸೋದರನ ಕಣ್ಣೂ ಗುಣವಾಗಬೇಕು.

ನಮ್ಮ ಚರ್ಚಿನ ವಿಷಯಕ್ಕೆ ಬರುತ್ತೇನೆ. ಹಿಂದೂ ಸಮಾಜದ ಜಾತಿಪದ್ಧತಿಯನ್ನು ಖಂಡಿಸುತ್ತ ಬಂದ ನಾವು ಅದನ್ನು ಒಳಗೇ ಇಟ್ಟುಕೊಂಡಿದ್ದೆವು. ಬೇರೆ ಪೀಠ, ಬೇರೆ ಸಮಾಧಿಭೂಮಿ! 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು ಜಾತಿಭೇದವನ್ನು ಕೂಡಲೇ ತೊರೆಯಬೇಕೆಂದು ಆಜ್ಞಾಪಿಸಿದ. ಅದೇ ಕಾಲದಲ್ಲಿ ಅವನ ಇಂಗ್ಲೆಂಡಿನ ಎಷ್ಟೋ ಚರ್ಚುಗಳಲ್ಲಿ ಸಿರಿವಂತರು ಬಾಡಿಗೆ ತೆತ್ತು ಮುಂದಿನ ಆಸನಗಳನ್ನು ಕಾದಿರಿಸಿಕೊಳ್ಳುತ್ತಿದ್ದರೆಂಬುದನ್ನೂ ಹೇಳದಿದ್ದರೆ ಲೆಕ್ಕ ಸರಿಹೋಗದು. ಭಾರತದ ಕೆಥೋಲಿಕ್ ಬಿಷಪರ ಸಮ್ಮೇಳನವು ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಅಸ್ಪೃಶ್ಯತೆ ಚರ್ಚಿನೊಳಗೂ ಇದೆಯೆಂದು ಒಪ್ಪಿಕೊಂಡದ್ದು 2016ರ ಡಿಸೆಂಬರಿನಲ್ಲಿ. ತಡವಾಯಿತು, ನಿಜ. ಆದರೂ ಆ ಒಪ್ಪಿಗೆಯನ್ನು ನಾನು ಗೌರವಿಸುತ್ತೇನೆ.

ಇಷ್ಟಕ್ಕೆ ಕುಳಿತುಬಿಟ್ಟರೆ ಚರ್ಚಿನ ಕಣ್ಣನ್ನು ಮಾತ್ರ ಪರೀಕ್ಷಿಸಿದಂತಾದೀತು. 1994ರಲ್ಲಿ ನಮ್ಮ ಸಂಘದ ಪತ್ರಿಕೆಗೆ ನಾನೊಂದು ಲೇಖನ ಬರೆದಿದ್ದೆ. ವರಾನ್ವೇಷಣೆಯ ಜಾಹೀರಾತುಗಳಲ್ಲಿ ಜಾತಿ, ಉಪಜಾತಿ ಕೇಳುವ ವಿದ್ಯಾವಂತರನ್ನು ಚೆನ್ನಾಗಿ ಗೇಲಿ ಮಾಡಿ, ನಮ್ಮಲ್ಲಿ ಇಂಥದ್ದಿಲ್ಲವೆಂಬ ಧಾಟಿಯಲ್ಲಿ ಮುಗಿಸಿದ್ದೆ. ಹಲವರು ಮೆಚ್ಚಿದ್ದರು. ಮುಂದೆ 2008ರಲ್ಲಿ ಮಗಳು ತಾನು ಮದುವೆಯಾಗಬಯಸಿದ ತರುಣನನ್ನು ಮನೆಗೆ ಕರೆತಂದಳು. ಕ್ರೈಸ್ತರೇ, ಬೀದರ ಕಡೆಯವರು, ಒಳ್ಳೆಯ ಕನ್ನಡ. ಅವರು ಚಹಾ ಕುಡಿದು ಹೊರಟ ಮೇಲೆ ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ, ಅವರ ಅಜ್ಜ ಯಾವ ಕೇರಿಯಿಂದ ಬಂದು ಕ್ರೈಸ್ತರಾದವರು ಎಂಬುದು. ಇತಿಹಾಸದ ಕುತೂಹಲವೆಂದು ಆಮೇಲೆ ಸಮರ್ಥಿಸಿಕೊಂಡೆ. ಮಗಳು ಏನೂ ಹೇಳದೆ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಒಪ್ಪಿಗೆ ಕೊಡಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಏನನ್ನು ಯೋಚಿಸುತ್ತಿದ್ದೆನೆಂದು ಅಳಿಯ ಇಂದಿನವರೆಗೆ ಕೇಳಿಲ್ಲ, ನಾನೂ ಹೇಳಿರಲಿಲ್ಲ. ಅವರು ಇಲ್ಲಿಯೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ.