ರೈಲುಗಾಡಿಯಲ್ಲಿ ಬಂದ ಮೂವರು ಜ್ಞಾನಿಗಳು

(ಶತಮಾನೋತ್ಸವದ ಅಂಗವಾಗಿ ನಡೆದ ಅಚ್ಚುಚಿತ್ರ ಪ್ರದರ್ಶನದಲ್ಲಿ ಮಾಡಿದ ಭಾಷಣ)



ಈ ಸಭಾಂಗಣದ ಮೂರು ಗೋಡೆಗಳ ಮೇಲೆ ಇಂದು ಇಪ್ಪತ್ತೆರಡು ಚಿತ್ರಗಳು ತೂಗುತ್ತಿವೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಕಡೆಯ ನಮ್ಮ ಯುವಜನರು ಬೇಸಿಗೆ ರಜೆಯಲ್ಲಿ ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೊರೆದು, ಮಸಿ ಬಳಿದು, ಕಾಗದವನ್ನೊತ್ತಿ ತೆಗೆದ ಅಚ್ಚುಚಿತ್ರಗಳಿವು. ಒಂದರಲ್ಲಿ ಮೂವರು ಜ್ಞಾನಿಗಳು ಉಗಿಬಂಡಿಯಿಂದ ಬೀರೂರು ಜಂಕ್ಷನ್ನಿನಲ್ಲಿ ಇಳಿಯುತ್ತಿದ್ದಾರೆ. ಮೇಲೆ ನಕ್ಷತ್ರವು ಕೈಕಂಬದ ದೀಪದಂತೆ ಹಸಿರು ತೋರಿಸುತ್ತಿದೆ. ಇನ್ನೊಂದರಲ್ಲಿ ಪವಿತ್ರ ಕುಟುಂಬವು ಒಂದರ ಮೇಲೊಂದು ರೆಕ್ಕೆಯುಳ್ಳ ಹಳೆಯ ಕಾಲದ ವಿಮಾನವನ್ನೇರಿ ಈಜಿಪ್ಟಿಗೆ ಹೊರಟಿದೆ. ಕತ್ತೆಯನ್ನೂ ಬಿಟ್ಟುಬಂದಿಲ್ಲ, ಅದು ಕಿಟಕಿಯಿಂದ ತಲೆ ಹೊರಹಾಕಿ ಕೆಳಗಿನ ತೆಂಗಿನ ತೋಟಗಳನ್ನು ನೋಡುತ್ತಿದೆ.

ಈ ಚಿತ್ರಗಳನ್ನು ತೂಗುಹಾಕಿದ ದಿನದಿಂದ ನಮ್ಮ ಬಳಿ ಬಂದ ಹಿರಿಯರು ಕಡಿಮೆಯೇನಲ್ಲ. ಅವರ ಪ್ರಶ್ನೆ ಒಂದೇ: "ಸ್ವಾಮಿಗಳೇ, ಇದು ಭಕ್ತಿಯೋ, ಹಾಸ್ಯವೋ?" ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ಐವತ್ತು ವರ್ಷ ಪವಿತ್ರ ಹೃದಯದ ಪಟದ ಮುಂದೆ ಜಪಮಾಲೆ ಹೇಳಿದ ತಾಯಿಯೊಬ್ಬಳಿಗೆ ದೇವಮಾತೆಯನ್ನು ವಿಮಾನದಲ್ಲಿ ಕಂಡು ನೋವಾದರೆ ಆ ನೋವಿಗೂ ಬೆಲೆಯಿದೆ. ಇನ್ನೊಂದು ಕಡೆ, ಮೂರು ವರ್ಷ ಜ್ಞಾನೋಪದೇಶದ ತರಗತಿಯ ಹೊಸಿಲು ತುಳಿಯದ ಹುಡುಗರು ಈ ಉಳಿಗಳಿಗಾಗಿ ಬಂದರು, ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ತಾವಾಗಿಯೇ ಓದಿದರು. ಈ ಎರಡರ ನಡುವೆ ನಿಂತು ಇಂದು ಮಾತನಾಡಬೇಕಾಗಿದೆ.

ಮೊದಲು ಇವು ಎಂಥ ಚಿತ್ರಗಳೆಂಬುದನ್ನು ತಿಳಿಯೋಣ. ಹಿಂದಿನವರು ಕನಸಿದ ಮುಂದಿನ ಕಾಲವನ್ನು ಇಂದಿನವರು ವಿನೋದದಿಂದ ನೆನೆದು ಬರೆಯುವ ಬಗೆ ಇದು. 1900ರ ಪ್ಯಾರಿಸ್ ಮಹಾಪ್ರದರ್ಶನದ ಹೊತ್ತಿಗೆ ಜಾನ್ ಮಾರ್ಕ್ ಕೋತೆ ಎಂಬ ಫ್ರೆಂಚ್ ಚಿತ್ರಕಾರರೂ ಅವರ ಜೊತೆಯವರೂ ಎರಡು ಸಾವಿರದ ಇಸವಿಯಲ್ಲಿ ಲೋಕ ಹೇಗಿರುವುದೆಂಬ ಬಣ್ಣದ ಚೀಟಿಗಳನ್ನು ರಚಿಸಿದರು. ಅವುಗಳಲ್ಲಿ ಬೆಂಕಿ ಆರಿಸುವವರು ರೆಕ್ಕೆ ಕಟ್ಟಿಕೊಂಡು ಹಾರುತ್ತಾರೆ. ತಿಮಿಂಗಿಲವು ಸಮುದ್ರದೊಳಗೆ ಪ್ರಯಾಣಿಕರ ಬಂಡಿಯನ್ನು ಎಳೆಯುತ್ತದೆ. ಯಂತ್ರಗಳೆಲ್ಲ ನೂರು ವರ್ಷ ಮುಂದೆ ಹೋಗಿವೆ, ಟೋಪಿ ಮೀಸೆಗಳು ಮಾತ್ರ 1900ರಲ್ಲೇ ನಿಂತಿವೆ! ನೋಡಿದವರಿಗೆ ನಗು ಬರುವುದು ಇದರಿಂದಲೇ. ಕಾಣದ ನಾಳೆಯನ್ನು ಬರೆಯಲು ಹೊರಟ ಮನುಷ್ಯನ ಕೈಯಲ್ಲಿ ಇರುವುದು ನಿನ್ನೆಯ ಬಣ್ಣವೇ.

ಈ ಮಾತು ಚಿತ್ರಕಾರರಿಗೆ ಮಾತ್ರ ಅನ್ವಯಿಸುವುದೇ? ಪವಿತ್ರ ಗ್ರಂಥವನ್ನು ತೆರೆಯಿರಿ. ಬಾಬಿಲೋನಿನ ಸೆರೆವಾಸದಲ್ಲಿ ಕೆಬಾರ್ ನದಿಯ ದಡದಲ್ಲಿದ್ದ ಪ್ರವಾದಿ ಯೆಜೆಕಿಯೇಲರು ಸರ್ವೇಶ್ವರನ ಮಹಿಮೆಯನ್ನು ಕಂಡಾಗ ಅದನ್ನು ಹೇಳಲು ಅವರಿಗೆ ಸಿಕ್ಕಿದ್ದು ಬಂಡಿಯ ಗಾಲಿ. ಆದರೆ ಅದೆಂಥ ಗಾಲಿ! ಗಾಲಿಯೊಳಗೆ ಗಾಲಿ, ಸುತ್ತಲೂ ಕಣ್ಣುಗಳು, ಅದರ ಬಳಿ ಮನುಷ್ಯ, ಸಿಂಹ, ಎತ್ತು, ಗರುಡ ಎಂಬ ನಾಲ್ಕು ಮುಖಗಳ ಜೀವಿಗಳು. ಎಲೀಯ ಪ್ರವಾದಿಯು ಸ್ವರ್ಗಕ್ಕೇರಿದ್ದು ಬೆಂಕಿಯ ರಥ ಕಾಣಿಸಿಕೊಂಡಾಗ. ಅಂದಿನ ಲೋಕಕ್ಕೆ ತಿಳಿದಿದ್ದ ಅತಿ ವೇಗದ ವಾಹನ ರಥವೇ. ಪತ್ಮೋಸ್ ದ್ವೀಪದಲ್ಲಿದ್ದ ಯೊವಾನ್ನರು ಬರಲಿರುವ ಹೊಸ ಜೆರುಸಲೇಮನ್ನು ಕಂಡರು. ಅದರ ಉದ್ದ, ಅಗಲ, ಎತ್ತರ ಮೂರೂ ಸಮ. ಹನ್ನೆರಡು ಬಾಗಿಲುಗಳೂ ಹನ್ನೆರಡು ಮುತ್ತುಗಳು. ಇಂಥ ಊರನ್ನು ಯಾವ ಮೇಸ್ತ್ರಿಯೂ ಕಟ್ಟಲಾರ. ಮೇಸ್ತ್ರಿಯ ನಕ್ಷೆಯಾಗಲೆಂದು ಪ್ರೇಷಿತರು ಅದನ್ನು ಬರೆಯಲಿಲ್ಲ. ತಮಗೆ ಗೊತ್ತಿದ್ದ ಕೋಟೆ, ಬಾಗಿಲು, ರತ್ನಗಳಿಂದಲೇ, ಯಾರಿಗೂ ಗೊತ್ತಿಲ್ಲದ ನಗರವನ್ನು ಕಟ್ಟಿ ತೋರಿಸಿದರು. ಅವರು ರಥ, ಕೋಟೆಗಳಿಂದ ಮಾಡಿದ್ದನ್ನು ಬೀರೂರಿನ ಹುಡುಗ ಉಗಿಬಂಡಿಯಿಂದ ಮಾಡಿದರೆ ಅವಮಾನವಾಯಿತೆಂದು ನಮಗೆ ಅನ್ನಿಸುವುದಿಲ್ಲ.

ಉಗಿಬಂಡಿಯ ವಿಷಯ ಬಂದಾಗ ಒಂದು ಹಳೆಯ ಚಿತ್ರದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆವು. 1860ರ ದಶಕದಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಶಾರ್ಲೊಟ್ ರೈಲನ್ ಎಂಬ ಭಕ್ತೆಯೊಬ್ಬರಿದ್ದರು. ಅಗಲವಾದ ದಾರಿ, ಇಕ್ಕಟ್ಟಾದ ದಾರಿ ಎಂಬ ಯೇಸುಸ್ವಾಮಿಯ ಬೋಧನೆಯನ್ನು ಅವರು ಒಂದು ಅಚ್ಚುಚಿತ್ರವಾಗಿ ಮಾಡಿಸಿದರು. ಬಲಗಡೆ ಇಕ್ಕಟ್ಟಿನ ದಾರಿ, ಅದರಲ್ಲಿ ದೇವಾಲಯ, ನೀರಿನ ಬುಗ್ಗೆ, ರೋಗಿಗಳ ಸೇವೆ. ಎಡಗಡೆ ಅಗಲ ದಾರಿ, ಅದರಲ್ಲಿ ನಾಟಕಶಾಲೆ, ಜೂಜಿನ ಮನೆ. ಅದರ ಮೇಲ್ಭಾಗದಲ್ಲಿ, ನರಕದ ಉರಿಯ ಸಮೀಪ, ಹೊಗೆಯುಗುಳುತ್ತ ಓಡುವ ರೈಲುಗಾಡಿ! ಭಾನುವಾರವೂ ಓಡುವ ರೈಲು ಕರ್ತರ ದಿನವನ್ನು ಕೆಡಿಸುತ್ತದೆಂಬುದು ಆ ಭಕ್ತೆಯ ಕಳವಳ. ಈ ಚಿತ್ರ ದೇಶದೇಶಗಳಿಗೆ ಹೋಯಿತು. ಅವರು ನಮ್ಮ ಸಭೆಯವರಲ್ಲದಿದ್ದರೂ ನಮ್ಮ ನಾಡಿಗೆ ತೀರ ದೂರದವರೂ ಅಲ್ಲ. ಅದೇ ವ್ಯುರ್ಟೆಂಬರ್ಗ್ ಸೀಮೆಯಿಂದ ಬಂದ ಹರ್ಮನ್ ಮೋಗ್ಲಿಂಗರು 1843ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಹೀಗೆ, ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ನೀರು ಹಾಯಿಸಿ, ಕಾಗದವನ್ನೊತ್ತಿ.

ನೋಡಿ, ಸ್ಟುಟ್‌ಗಾರ್ಟಿನಲ್ಲಿ ನರಕದ ಕಡೆಗೆ ಓಡಿದ ರೈಲು ನಮ್ಮ ಗೋಡೆಯ ಮೇಲೆ ಬಾಲಯೇಸುವಿನ ಕಡೆಗೆ ಓಡುತ್ತಿದೆ. ಆ ತಾಯಿಯದು ತಪ್ಪು, ನಮ್ಮ ಹುಡುಗನದು ಸರಿ ಎಂದು ನಾವು ಹೇಳುತ್ತಿಲ್ಲ. ಭಾನುವಾರದ ಪೂಜೆಯ ಬಗ್ಗೆ ಆಕೆಗಿದ್ದ ಕಾಳಜಿಯಲ್ಲಿ ಅರ್ಧದಷ್ಟು ನಮ್ಮ ಧರ್ಮಕೇಂದ್ರದಲ್ಲಿದ್ದರೆ ಬೆಂಚುಗಳು ತುಂಬಿರುತ್ತಿದ್ದವು! ಆದರೆ ನಮ್ಮ ಸೀಮೆಯಲ್ಲಿ ರೈಲು ಎಂದರೆ ಬೇರೆಯೇ ಅರ್ಥ. ಬೆಂಗಳೂರಿನ ಕಡೆಯಿಂದ ಬಂದ ಹಳಿ 1889ರ ಹೊತ್ತಿಗೆ ಹರಿಹರ ಮುಟ್ಟಿತು. ಕಡೂರು, ಬೀರೂರು, ಅಜ್ಜಂಪುರಗಳು ಅದೇ ದಾರಿಯಲ್ಲಿ ಬಂದವು. 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಕವಲು ಹಳಿ ಬಿತ್ತು. ನಮ್ಮಲ್ಲಿ ಎಷ್ಟು ಮನೆತನಗಳ ಅಜ್ಜಂದಿರು ಹಳಿಯ ಕೆಲಸಕ್ಕೆಂದು ಬಂದು ಇಲ್ಲಿಯೇ ನೆಲೆನಿಂತರೆಂಬುದನ್ನು ಇಲ್ಲಿ ಕುಳಿತವರೇ ಬಲ್ಲಿರಿ. ಅವರಿಗೆ ಗಾಡಿಯ ಸಿಳ್ಳೇ ಅನ್ನದ ಕರೆ. ಪೂಜೆ ಅರ್ಪಿಸಲು ಗುರುಗಳು ಬರುತ್ತಿದ್ದುದೂ ಆ ಗಾಡಿಯಲ್ಲೇ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬರಬೇಕೆಂದು ಎಷ್ಟೋ ತಲೆಮಾರುಗಳವರು ಕನಸು ಕಂಡರು. ಅದು ಬಂದದ್ದು 2013ರ ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಆ ಕನಸಿನಲ್ಲಿದ್ದ ಉಗಿಯ ಯಂತ್ರವೇ ಲೋಕದಿಂದ ಬಹುಮಟ್ಟಿಗೆ ಮರೆಯಾಗಿತ್ತು. ಅಜ್ಜನ ನಾಳೆ ಮೊಮ್ಮಗನಿಗೆ ಹಳೆಯದಾಗಿ ಕೈಸೇರುವುದೆಂದರೆ ಇದೇ.

ಇನ್ನು ಅಚ್ಚಿನ ವಿಷಯ. ತೈಲಚಿತ್ರ ಒಂದೇ ಗೋಡೆಗೆ, ಒಬ್ಬನೇ ಧಣಿಗೆ. ಅಚ್ಚುಚಿತ್ರ ಹಾಗಲ್ಲ; ಒಂದು ಹಲಗೆಯಿಂದ ನೂರು ಮನೆಗೆ ನೂರು ಪ್ರತಿ. ಕ್ರೈಸ್ತ ಚಿತ್ರಗಳು ಈ ದೇಶದಲ್ಲಿ ದೂರದೂರ ಹರಡಿದ್ದೂ ಬಹುಮಟ್ಟಿಗೆ ಅಚ್ಚಿನಿಂದಲೇ. 1580ರಲ್ಲಿ ಯೇಸುಸಭೆಯ ಗುರುಗಳು ಫತೇಪುರ ಸಿಕ್ರಿಗೆ ಹೋದಾಗ ಅಕ್ಬರನಿಗೆ ಒಪ್ಪಿಸಿದ್ದು ಆಂಟ್‌ವರ್ಪಿನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ಲಿನ ಸಂಪುಟಗಳನ್ನು. ಅಂಥ ಯುರೋಪಿನ ಅಚ್ಚುಗಳನ್ನು ನೋಡಿ ಬಾದಶಹನ ಚಿತ್ರಕಾರರು ತಮ್ಮದೇ ಬಣ್ಣಗಳಲ್ಲಿ ನಕಲು ಬರೆದರು. ನಮ್ಮ ಮನೆಗಳ ಪವಿತ್ರ ಹೃದಯದ ಪಟವೂ ಅಚ್ಚಿನಿಂದ ಬಂದದ್ದೇ ಅಲ್ಲವೇ? ಅದು ಆಕಾಶದಿಂದ ಇಳಿದುಬಂದದ್ದಲ್ಲ. ಅದೂ ಒಂದು ಕಾಲದ, ಒಂದು ದೇಶದ ಶೈಲಿ. ನಮ್ಮ ಭಕ್ತಿ ಅದಕ್ಕೆ ಒಗ್ಗಿಹೋಗಿದೆ, ಅಷ್ಟೇ. ನಮ್ಮ ಕಾಲದಲ್ಲೇ ಬೆಂಗಳೂರಿನ ಸಮೀಪದ ಸಿಲ್ವೆಪುರದಲ್ಲಿ ನೆಲೆಸಿದ ಚಿತ್ರಕಾರ ಜ್ಯೋತಿ ಸಾಹಿಯವರು ಕ್ರಿಸ್ತರನ್ನು ಈ ಮಣ್ಣಿನ ಸಂಕೇತಗಳಲ್ಲಿ ಚಿತ್ರಿಸಿದರು. ಆಂಧ್ರದ ಲೂಥರನ್ ಪಾದ್ರಿ ಪಿ. ಸಾಲೊಮನ್ ರಾಜ್ ಅವರು, 2019ರಲ್ಲಿ ತೀರಿಕೊಂಡವರು, ಮರದ ಹಲಗೆಯಲ್ಲಿ ಶುಭಸಂದೇಶವನ್ನು ಕೊರೆದರು.

ನಮ್ಮ ಯುವಜನರು ಹಲಗೆ ಕೊರೆಯುವುದನ್ನು ನಾವು ಪಕ್ಕದಲ್ಲಿ ಕುಳಿತು ನೋಡಿದ್ದೇವೆ. ಕೊರೆದ ಭಾಗ ಬಿಳಿ, ಉಳಿದ ಭಾಗ ಕಪ್ಪು. ಬೆಳಕು ಬೇಕಾದಲ್ಲಿ ತೆಗೆದುಹಾಕಬೇಕು. ಎಲ್ಲವೂ ತಿರುಗುಮುರುಗಾಗಿ ಅಚ್ಚಾಗುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕು. 'ಬೀರೂರು' ಎಂದು ನೆಟ್ಟಗೆ ಕೊರೆದ ಹುಡುಗನಿಗೆ ಮೊದಲ ಪ್ರತಿಯಲ್ಲಿ ಯಾವ ಊರೂ ಸಿಕ್ಕಲಿಲ್ಲ! ಒತ್ತುಯಂತ್ರ ಇಲ್ಲದ್ದರಿಂದ ನಮ್ಮ ಅಡಿಗೆಮನೆಯ ಸೌಟಿನ ಬೆನ್ನಿನಿಂದ ಉಜ್ಜಿ ಉಜ್ಜಿ ಅಚ್ಚು ತೆಗೆದರು. ಆ ಸೌಟು ಇನ್ನೂ ಕಪ್ಪಾಗಿಯೇ ಇದೆ.

ವಿನೋದಕ್ಕೆ ದೇವರ ಮನೆಯಲ್ಲಿ ಜಾಗವಿದೆಯೇ ಎಂದು ಕೇಳಿದವರಿಗೆ ಒಂದೆರಡು ಮಾತು. ದೇವರ ಮುಂದೆ ನಲಿದಾಡುವ ಜ್ಞಾನವನ್ನು ಜ್ಞಾನೋಕ್ತಿಗಳ ಗ್ರಂಥ ವರ್ಣಿಸುತ್ತದೆ. ಉದ್ಧಾರಗೊಂಡ ಜೆರುಸಲೇಮಿನ ಬೀದಿಗಳಲ್ಲಿ ಮಕ್ಕಳು ಆಡುವುದನ್ನು ಜೆಕರ್ಯ ಪ್ರವಾದಿ ಕಂಡರು. ಹೊಯ್ಸಳರ ಶಿಲ್ಪಿಗಳು ಹಲವು ಪ್ರಾಣಿಗಳ ಅಂಗಗಳನ್ನು ಕೂಡಿಸಿ ಮಕರವನ್ನು ಕಡೆದರು. 1196ರಲ್ಲಿ ಕಟ್ಟಿದ ನಮ್ಮ ತರೀಕೆರೆ ಸೀಮೆಯ ಅಮೃತಾಪುರದ ಗುಡಿಯನ್ನು ಕಂಡ ಯಾರೂ ಆ ಕಾಲದ ಶಿಲ್ಪಿಗಳಿಗೆ ಭಕ್ತಿಯಿರಲಿಲ್ಲವೆಂದು ಹೇಳಲಾರರು. ಮಕರವನ್ನು ನೋಡಿ ನಗುವ ಮಗುವೂ ಆ ಗುಡಿಗೆ ಹೊರಗಿನವನಲ್ಲ.

ಹಾಗಾದರೆ ಮಿತಿಯೇ ಇಲ್ಲವೇ? ಇದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ದೈವಾರಾಧನೆಯ ಶಾಸನದಲ್ಲಿ, ಧರ್ಮಸಭೆಯು ಯಾವ ಒಂದು ಕಲಾಶೈಲಿಯನ್ನೂ ತನ್ನದೆಂದು ಹಿಡಿದುಕೊಂಡಿಲ್ಲವೆಂದು ಸ್ಪಷ್ಟಪಡಿಸಿತು. ನಮ್ಮ ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದೂ ಅದೇ ವರ್ಷ. ಆದರೆ ವಿಶ್ವಾಸಕ್ಕೂ ಭಕ್ತಿಗೂ ಧಕ್ಕೆ ತರುವ ಕೃತಿಗಳನ್ನು ದೇವಾಲಯದಿಂದ ದೂರವಿಡಬೇಕೆಂದೂ ಅದೇ ಶಾಸನ ಹೇಳಿತು. ಈ ಎರಡನೆಯ ಮಾತನ್ನು ಮರೆತವರು ಮೊದಲನೆಯದನ್ನು ಎತ್ತಿ ಆಡಬಾರದು. ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಕೊರಿಟಾ ಕೆಂಟ್ ಎಂಬ ಭಗಿನಿಯವರು ಪೇಟೆಯ ಜಾಹೀರಾತಿನ ಬಣ್ಣ, ಅಕ್ಷರಗಳಿಂದ ಭಕ್ತಿಯ ಅಚ್ಚುಚಿತ್ರಗಳನ್ನು ಮಾಡಿದರು. 1964ರಲ್ಲಿ ಮರಿಯಮ್ಮನವರನ್ನು ರಸಭರಿತ ಟೊಮೇಟೊ ಹಣ್ಣಿಗೆ ಹೋಲಿಸಿದ ಅಚ್ಚೂ ಅವುಗಳಲ್ಲಿ ಒಂದು. ಅಲ್ಲಿಯ ಮಹಾಧರ್ಮಾಧ್ಯಕ್ಷರಿಗೆ ಆಕೆಯ ಕೆಲಸ ರುಚಿಸಲಿಲ್ಲ. 1968ರಲ್ಲಿ ಆಕೆ ಮಠವನ್ನು ತೊರೆದರು. ಟೊಮೇಟೊ ನಮಗೂ ಸ್ವಲ್ಪ ಅತಿಯೆನಿಸುತ್ತದೆ. ಆದರೂ ಅಂಥ ಕೈಯೊಂದು ಮಠದಿಂದ ಹೊರಬಿದ್ದದ್ದು ನಷ್ಟವೇ.

ಈ ಪ್ರದರ್ಶನದಲ್ಲಿಯೂ ಒಂದು ಚಿತ್ರವನ್ನು ನಾವು ತೂಗುಹಾಕಿಲ್ಲ. ಅದರಲ್ಲಿ ಪರಮಪ್ರಸಾದವು ಹಾರುವ ತಟ್ಟೆಯಾಗಿ ಆಕಾಶದಿಂದ ಇಳಿಯುತ್ತಿತ್ತು. ಕೊರೆದ ಕೈ ಅತ್ಯುತ್ತಮ. ಈ ಗೋಡೆಗಳ ಮೇಲಿನ ಎಷ್ಟೋ ಚಿತ್ರಗಳಿಗಿಂತ ಮೇಲು. ಆ ಹುಡುಗ ನಮ್ಮೊಂದಿಗೆ ಒಂದು ಸಂಜೆಯೆಲ್ಲ ವಾದಿಸಿದ. ರೈಲಿಗೆ ಒಪ್ಪಿಗೆ, ತಟ್ಟೆಗೆ ಏಕಿಲ್ಲ ಎಂದ. ನಾವು ಹೇಳಿದ್ದು ಇಷ್ಟು: ಮೂವರು ಜ್ಞಾನಿಗಳು ಯಾವ ವಾಹನದಲ್ಲಿ ಬಂದರೆಂದು ಶುಭಸಂದೇಶ ಹೇಳಿಲ್ಲ, ಒಂಟೆಯೂ ನಮ್ಮ ಊಹೆಯೇ, ರೈಲೂ ಊಹೆಯೇ. ಪರಮಪ್ರಸಾದ ಏನೆಂಬುದನ್ನು ಮಾತ್ರ ಯೇಸುಸ್ವಾಮಿಯವರು ತಾವೇ ಹೇಳಿದ್ದಾರೆ. ಅವರು ಹೇಳದೆ ಬಿಟ್ಟ ಜಾಗದಲ್ಲಿ ನಾವು ಆಡಬಹುದು. ಅವರು ಹೇಳಿದ ಜಾಗದಲ್ಲಿ ಮೊಣಕಾಲೂರಬೇಕು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಮುಂದಿನ ಭಾನುವಾರ ಪೂಜೆಗೆ ಬಂದಿದ್ದ, ಅದರ ಮುಂದಿನ ಭಾನುವಾರವೂ.

ಬಾಗಿಲ ಪಕ್ಕದ ಕೊನೆಯ ಚಿತ್ರದ ಮುಂದೆ ದಯವಿಟ್ಟು ಸ್ವಲ್ಪ ಹೊತ್ತು ನಿಲ್ಲಿರಿ. ಕಡೂರು ಕಡೆಯ ಹೆಣ್ಣುಮಗಳೊಬ್ಬಳು ಕೊರೆದ ಹೊಸ ಜೆರುಸಲೇಮು ಅದು. ಪ್ರಕಟನಾ ಗ್ರಂಥದಲ್ಲಿ ಸಿಂಹಾಸನದಿಂದ ಹೊರಡುವ ಜೀವಜಲದ ನದಿ ಇಲ್ಲಿ ಅಜ್ಜಂಪುರದ ಬಳಿಯ ಭದ್ರಾ ಮೇಲ್ದಂಡೆಯ ಸುರಂಗದಿಂದ ಹೊರಬಂದು, ಬತ್ತಿದ ಕೆರೆಗಳನ್ನೆಲ್ಲ ತುಂಬುತ್ತಿದೆ. ದಡದಲ್ಲಿ ಉದ್ದ ಕೊಂಬಿನ ಅಮೃತಮಹಲ್ ದನಗಳು ನೀರು ಕುಡಿಯುತ್ತಿವೆ. ನಗರದ ಬಾಗಿಲು ನಮ್ಮ ಹಳೆಯ ರೈಲುನಿಲ್ದಾಣದ ಬಾಗಿಲೇ. ಟಿಕೆಟ್ ಕೇಳುವವನು ಮಾತ್ರ ಇಲ್ಲ. ಆ ಬಾಗಿಲುಗಳನ್ನು ಎಂದಿಗೂ ಮುಚ್ಚುವುದಿಲ್ಲವೆಂದು ಯೊವಾನ್ನರು ಬರೆದದ್ದನ್ನು ಅವಳು ಓದಿಕೊಂಡಿದ್ದಾಳೆ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಯ ಮುಂದೆ ಕೊಡ ಹಿಡಿದು ನಿಂತವಳಿಗೆ ಆ ನದಿ ಆಟದ ಮಾತಲ್ಲ. ನಕ್ಕು ಮುಂದೆ ಹೋಗುವ ಮೊದಲು ಇದನ್ನು ನೆನೆಯಬೇಕೆಂದು ಹಿರಿಯರಲ್ಲಿ ಬೇಡಿಕೊಳ್ಳುತ್ತೇವೆ.

ಹಿರಿಯರಿಂದ ಯುವಜನರಿಗೆ ಇನ್ನೊಂದು ಉಪಕಾರ ಆಗಬೇಕಾಗಿದೆ. ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಒಂದು ಕಾಲದಲ್ಲಿ ಕಿರುಹಳಿಯ ಪುಟ್ಟ ರೈಲು ಕಾಡಿನೊಳಗೆ ಓಡುತ್ತಿತ್ತು. ಇಂದು ಅದು ಇಲ್ಲ. ನಮ್ಮ ಮಕ್ಕಳು ಅದನ್ನು ನೋಡಿಲ್ಲ. ಅದರಲ್ಲಿ ಕುಳಿತವರು, ಅಥವಾ ಕುಳಿತವರಿಂದ ಕೇಳಿದವರು, ಅದರ ಎಂಜಿನ್ನು, ಡಬ್ಬಿ, ದೀಪ ಹೇಗಿದ್ದವೆಂದು ನೆನಪಿದ್ದವರು ಈ ಕ್ರಿಸ್ತಜಯಂತಿಯ ಮೊದಲು ಒಂದು ಸಂಜೆ ಗುರುಗಳ ಮನೆಗೆ ಬನ್ನಿ. ಹಲಗೆ ಸಿದ್ಧವಾಗಿದೆ. ಗೋದಲಿಗೆ ಕುರುಬರನ್ನು ಆ ಗಾಡಿಯಲ್ಲಿ ಕರೆತರಬೇಕೆಂದು ಹುಡುಗರು ಕಾಯುತ್ತಿದ್ದಾರೆ.