ನಾಯಿಗೆ ಅನ್ನವಿಕ್ಕುವ ಮಕ್ಕಳು

(ಸಂಘದ ಪಾಲಕರ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಯಿಯ ಮಾತೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಆದರೆ ಕನ್ನಡ ನಾಡು ನಾಯಿಗೆ ಸಲ್ಲಿಸಿದ ಗೌರವ ಇಂದು ನಿನ್ನೆಯದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕಲ್ಲೊಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಸುಮಾರು ಕ್ರಿ. ಶ. 950ರದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನನ್ನು ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಆತನು ಬೇಡಿದುದು ಹೊನ್ನನ್ನಲ್ಲ, ಕಾಳಿಯೆಂಬ ನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಹೋರಾಡಿತು; ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅದನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪವೆಂದೂ ಕೊರೆಯಿಸಿದರು. ನಾಯಿಗೆ ಸಲ್ಲತಕ್ಕದ್ದು ಮೊದಲು, ಮನುಷ್ಯನ ಊಟ ಆಮೇಲೆ! ಈ ಕ್ರಮವನ್ನು ನಮ್ಮ ಎರಡು ಕೋಣೆಯ ಮನೆಗಳಲ್ಲಿ ಮಕ್ಕಳಿಗೆ ಕಲಿಸುವುದು ಹೇಗೆಂಬುದೇ ಇಂದಿನ ಮಾತು.

ನಮ್ಮಲ್ಲಿ ಹಲವರು ಹುಟ್ಟಿ ಬೆಳೆದ ಹಳ್ಳಿಗಳಲ್ಲಿ ನಾಯಿಗೆ ಊಟವಿಕ್ಕುವುದನ್ನು ಯಾರೂ ಒಂದು ಕೆಲಸವೆಂದು ಎಣಿಸಿರಲಿಲ್ಲ. ಉಂಡೆದ್ದವರು ಮಿಕ್ಕ ಮುದ್ದೆಯನ್ನೋ ರೊಟ್ಟಿಯ ಚೂರನ್ನೋ ಹಿತ್ತಿಲ ಕಲ್ಲಿನ ಮೇಲೆ ಹಾಕಿದರೆ ಮುಗಿಯಿತು. ಉಳಿದುದನ್ನು ಅದೇ ಊರು ಸುತ್ತಿ ಸಂಪಾದಿಸುತ್ತಿತ್ತು. ಮುಂಬಯಿಯ ಮೂರನೆಯ ಮಹಡಿಯಲ್ಲಿರುವ ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ಬಾಗಿಲು ತೆಗೆದರೆ ಉಂಟು ತಿರುಗಾಟ, ಬಟ್ಟಲು ತುಂಬಿದರೆ ಉಂಟು ಊಟ. ಮಗುವಾದರೋ ಮನೆಯಲ್ಲಿ ಎಲ್ಲರಿಂದ ಪಡೆಯುವುದನ್ನೇ ಬಲ್ಲದು. ತಾನು ಕೊಡದಿದ್ದರೆ ಇನ್ನೊಂದು ಜೀವ ಹಸಿದಿರುವುದೆಂಬ ಅರಿವು ಅದಕ್ಕೆ ಮೊದಲ ಬಾರಿ ಬರುವುದು ಈ ಬಟ್ಟಲಿನ ಮುಂದೆ.

ಬೆಳೆದ ನಾಯಿಗೆ ದಿನಕ್ಕೆ ಎರಡು ಹೊತ್ತು, ಕುನ್ನಿಗೆ ಮೂರು ನಾಲ್ಕು ಹೊತ್ತು. ಅದಕ್ಕೆ ಭಾನುವಾರವಿಲ್ಲ, ಪರೀಕ್ಷೆಯಿಲ್ಲ, ಕ್ರಿಕೆಟ್ ಪಂದ್ಯವಿಲ್ಲ. ಮಗು ಮೊದಲ ವಾರ ಉತ್ಸಾಹದಿಂದ ಓಡಿ ಓಡಿ ಇಕ್ಕುತ್ತದೆ. ಮೂರನೆಯ ವಾರ ಮರೆಯುತ್ತದೆ. ಆಗ ತಾಯಿಯೇ ಸದ್ದಿಲ್ಲದೆ ಬಟ್ಟಲು ತುಂಬಿಬಿಡುವುದು ನಮ್ಮ ಮನೆಗಳ ರೂಢಿ. ಮಗುವಿಗೆ ಬುದ್ಧಿ ಬರಲೆಂದು ನಾಯಿಯನ್ನು ಉಪವಾಸ ಕೆಡವುವುದಂತೂ ಕೂಡದು; ಆ ಬಡಪ್ರಾಣಿ ಯಾರ ಪಾಠಪುಸ್ತಕವೂ ಅಲ್ಲ. ಆಟ ನಿಲ್ಲಿಸಿ, ಮಗುವನ್ನು ಕೈಹಿಡಿದು ಕರೆತಂದು, ಹೊತ್ತು ಮೀರಿದ್ದರೂ ಅದರ ಕೈಯಿಂದಲೇ ಇಕ್ಕಿಸಬೇಕು. ಬೈಯುವ ಅಗತ್ಯವಿಲ್ಲ; ಕಾದು ಕುಳಿತ ನಾಯಿಯ ಮುಖವನ್ನು ಅದು ನೋಡಿದರೆ ಸಾಕು. ಇದಕ್ಕಾಗಿ ಮಗುವಿಗೆ ಕಾಸು ಕೊಡುವುದು, ತಪ್ಪು ಮಾಡಿದಾಗ ಶಿಕ್ಷೆಯೆಂದು ಈ ಕೆಲಸ ಹಚ್ಚುವುದು, ಇವೆರಡೂ ನಮಗೆ ಒಪ್ಪಿಗೆಯಾಗದ ಮಾತು.

ಇಕ್ಕುವುದು ಏನನ್ನು? ಇಲ್ಲಿ ಮಗುವಿನ ಪ್ರೀತಿಗೆ ನಿಜವಾದ ಪರೀಕ್ಷೆ. ತನಗೆ ಇಷ್ಟವಾದುದನ್ನೇ ನಾಯಿಗೂ ಕೊಡಬೇಕೆಂದು ಅದರ ಮನಸ್ಸು. ಆದರೆ ನಮ್ಮ ಅಡುಗೆಮನೆಯ ಅನೇಕ ಪದಾರ್ಥಗಳು ನಾಯಿಗೆ ವಿಷ. ಈರುಳ್ಳಿ ಬೆಳ್ಳುಳ್ಳಿಗಳು, ಬೇಯಿಸಿದರೂ ಸರಿಯೆ, ಅದರ ರಕ್ತದ ಕೆಂಪು ಕಣಗಳನ್ನು ಕೆಡಿಸುತ್ತವೆ. ಎಂದರೆ ನಮ್ಮ ಹುಳಿ, ಪಲ್ಯಗಳಲ್ಲಿ ಅರ್ಧಕ್ಕರ್ಧ ಹೋಯಿತು. ದ್ರಾಕ್ಷಿಯಿಂದ, ಹಬ್ಬದ ಪಾಯಸದ ಒಣದ್ರಾಕ್ಷಿಯಿಂದಲೂ, ಮೂತ್ರಪಿಂಡ ಕೆಡಬಹುದು. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ಮೈ ಬೇಗ ಹೊರಹಾಕಲಾರದು. ಅದು ಎದೆಬಡಿತಕ್ಕೂ ನರಗಳಿಗೂ ಕೇಡು ಮಾಡುತ್ತದೆ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚಬಹುದು. ಹುಟ್ಟುಹಬ್ಬದ ದಿನ ಕೈಯಲ್ಲಿ ಚಾಕೊಲೇಟು ಹಿಡಿದ ಮಗುವಿನ ಮುಂದೆ ನಾಯಿ ಬಾಲವಾಡಿಸುತ್ತ ಕುಳಿತಿರುತ್ತದೆ. ಕೊಡದೆ ಇರುವುದೂ ಅಕ್ಕರೆಯೇ ಎಂದು ಎಂಟು ವರ್ಷದ ಮಗು ತಿಳಿದುಕೊಳ್ಳುವುದು ಸಣ್ಣ ಮಾತಲ್ಲ. ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿಗೆ ಜಿಲೇಬಿ ಬಡಿಸಿ ಒತ್ತಾಯಿಸುವ ದೊಡ್ಡವರೇ ಇನ್ನೂ ಇದನ್ನು ಕಲಿತಿಲ್ಲ!

ಇನ್ನು ಇಕ್ಕಿದ ಮೇಲಿನ ಮಾತು. ನಾಯಿ ಉಣ್ಣುವಾಗ ಅದರ ಬಟ್ಟಲಿಗೆ ಕೈಹಾಕಬಾರದು, ಬೆನ್ನು ಸವರಬಾರದು, ಚಿಕ್ಕ ಮಕ್ಕಳನ್ನು ಬಳಿಗೆ ಬಿಡಬಾರದು, ದೊಡ್ಡವರೊಬ್ಬರು ಹತ್ತಿರವಿರಬೇಕು. ಎಷ್ಟೇ ಸಾಧುವಾದ ನಾಯಿಯಾದರೂ ಉಣ್ಣುವಾಗ ಗುರುಗುಟ್ಟಿದರೆ ಅದು 'ದೂರವಿರು' ಎಂಬ ಅದರ ಮಾತು. ಆ ಮಾತಿಗೆ ಮಗು ಮರ್ಯಾದೆ ಕೊಡಬೇಕು. ಹಲ್ಲಾಗಲಿ ಉಗುರಾಗಲಿ ತಾಕಿ ಗಾಯವಾದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಲಕ್ಷಣ ತೋರಿದ ಮೇಲೆ ಬದುಕಿದವರು ತೀರ ವಿರಳ. ಲಕ್ಷಣಕ್ಕೆ ಮೊದಲೇ, ತಡಮಾಡದೆ ಲಸಿಕೆ ಬಿದ್ದರೆ ಪ್ರಾಣ ಉಳಿಯುವುದು ಬಹುಮಟ್ಟಿಗೆ ಖಚಿತ. ಮನೆಯ ನಾಯಿಗೆ ತಪ್ಪದೆ ಲಸಿಕೆ ಹಾಕಿಸುವುದು ಹಿರಿಯರ ಹೊಣೆ. ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು: ನಾಯಿಯನ್ನು ಮನೆಯಿಂದ ಅಟ್ಟಿಬಿಡುವರೆಂಬ ಅಂಜಿಕೆಯಿಂದ ಮಕ್ಕಳು ಗಾಯವನ್ನು ಮುಚ್ಚಿಡುತ್ತಾರೆ. 'ಹೇಳಿದರೆ ನಾಯಿಗೂ ನಿನಗೂ ಏನೂ ಮಾಡುವುದಿಲ್ಲ' ಎಂಬ ಭರವಸೆಯನ್ನು ಮೊದಲ ದಿನವೇ ಕೊಡಬೇಕು, ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು.

ಭಾಷೆಯ ವಿಚಾರವನ್ನೂ ಈ ದಿನ ಬಿಡುವಂತಿಲ್ಲ. ನಮ್ಮ ಮನೆಯ ನಾಯಿಗಳೆಲ್ಲ ಏಕೋ ಇಂಗ್ಲಿಷು ಕಲಿತಿವೆ. 'ಸಿಟ್' ಎಂದರೆ ಕೂರುತ್ತವೆ, 'ಕಮ್' ಎಂದರೆ ಬರುತ್ತವೆ. ಊರಿನಿಂದ ಅಜ್ಜಿ ಬಂದರೆ ಮಾತ್ರ ಬದಲಾವಣೆ. ಅಜ್ಜಿ 'ತಾಳು' ಎಂದರೆ ನಾಯಿ ತಾಳುತ್ತದೆ, 'ಉಣ್ಣು' ಎಂದರೆ ಉಣ್ಣುತ್ತದೆ. ನಾಯಿಗೆ ಯಾವ ಭಾಷೆಯಾದರೂ ಒಂದೇ. ದಿನವೂ ಅದೇ ಶಬ್ದ, ಅದೇ ದನಿ ಇದ್ದರೆ ಸಾಕು. ಲಾಭವಾಗುವುದು ಮೊಮ್ಮಗುವಿಗೆ. ಅಜ್ಜಿಯೊಡನೆ ಬಟ್ಟಲು ತುಂಬುವ ಮಗುವಿಗೆ ಕುನ್ನಿ, ಗುಕ್ಕು, ಬೋಗುಣಿ, ಎಂಜಲು ಎಂಬ ಶಬ್ದಗಳು ತಾವಾಗಿ ಬರುತ್ತವೆ. ತಂಗಳಿಗೂ ಹಳಸಿದುದಕ್ಕೂ ಇರುವ ಅಂತರವನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೆ? ಮೂಸಿ ನೋಡಿ, ತಂಗಳಾದರೆ ಇಕ್ಕು, ಹಳಸಿದ್ದರೆ ಚೆಲ್ಲು; ತಾನು ಉಣ್ಣಲಾರದುದನ್ನು ನಾಯಿಗೂ ಹಾಕಬೇಡ ಎನ್ನುವಳು ಅಜ್ಜಿ.

ಹೀಗೆ ಒಂದೆರಡು ವರ್ಷ ಇಕ್ಕಿದ ಮಗುವಿಗೆ ಒಂದು ಕಣ್ಣು ಬಂದಿರುತ್ತದೆ. ನಾಯಿ ಎಂದಿಗಿಂತ ನಿಧಾನವಾಗಿ ಉಂಡಿತು, ಒಂದೇ ಕಡೆಯ ದವಡೆಯಲ್ಲಿ ಅಗಿಯಿತು, ನೀರು ಮಾತ್ರ ಹೆಚ್ಚಾಗಿ ಕುಡಿಯಿತು ಎಂಬುದೆಲ್ಲ ಅದಕ್ಕೆ ಮೊದಲು ಕಾಣುತ್ತದೆ. ನಾಯಿಗೆ ಮುಪ್ಪು ಬಂದು ಅನ್ನ ಬಿಟ್ಟಾಗ ಪಶುವೈದ್ಯರಲ್ಲಿಗೆ ಒಯ್ಯುತ್ತೇವೆ. ಯಾವಾಗಿನಿಂದ ಉಂಡಿಲ್ಲವೆಂದು ಅವರು ಕೇಳುತ್ತಾರೆ. ಹಿರಿಯರಾದ ನಾವು ಮುಖ ಮುಖ ನೋಡಿಕೊಳ್ಳುತ್ತೇವೆ. 'ಮೊನ್ನೆ ರಾತ್ರಿ ಅರ್ಧ ಬಿಟ್ಟಿತು ಡಾಕ್ಟರೇ, ನಿನ್ನೆಯಿಂದ ಮೂಸಿ ಕೂಡ ನೋಡಿಲ್ಲ' ಎಂದು ಉತ್ತರ ಹೇಳುವುದು ಮಗು.